‘ಯೂದನಿಲ್ಲದಿದ್ದರೆ ಶಿಲುಬೆ ಎಲ್ಲಿತ್ತು?’ ಎನ್ನುವ ತಮ್ಮ

ಪ್ರಶ್ನೆ: ನಾನು ಕರಾವಳಿಯ ಕ್ಯಾಥೊಲಿಕ್ ಕುಟುಂಬದವಳು. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ನಂಬಿ ಮುಖ್ತಾರನಾಮೆ (ಪವರ್ ಆಫ್ ಅಟಾರ್ನಿ) ಬರೆದುಕೊಟ್ಟೆ. ಜಾಗ ಮಾರಿ ನನ್ನ ಪಾಲನ್ನೂ ನುಂಗಿದ. ಬೇರೆ ದಾರಿಯಿಲ್ಲದೆ ಹೊಲಿಗೆ ಅಂಗಡಿ ತೆರೆದೆ, ಈಗ ಚೆನ್ನಾಗಿದ್ದೇನೆ. ‘ಎಲ್ಲ ದೇವರ ಯೋಜನೆ, ಶಿಷ್ಯ ಯೂದ ಯೇಸುವನ್ನು ಶತ್ರುಗಳಿಗೆ ಹಿಡಿದುಕೊಡದಿದ್ದರೆ ನಮಗೆ ರಕ್ಷಣೆ ಎಲ್ಲಿತ್ತು’ ಎನ್ನುತ್ತಾನೆ ತಮ್ಮ. ಅಮ್ಮನೂ ಹೂಂಗುಟ್ಟುತ್ತಾರೆ. ಹಣ ಕೇಳಿದರೆ ದೇವರ ಚಿತ್ತಕ್ಕೆ ಅಡ್ಡ ನಿಂತಂತಾಗುತ್ತದೆಯೇ?

ಉತ್ತರ: ಇಲ್ಲ, ಕೇಳಿ.

ನಿಮ್ಮ ತಮ್ಮನ ಮಾತು ಪೂರ್ತಿ ಹುಸಿಯಲ್ಲ, ತೊಡಕು ಇರುವುದೇ ಅಲ್ಲಿ. ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಹಾಡುವ ಸ್ತುತಿಯಲ್ಲಿ ಮೊದಲ ಮನುಷ್ಯ ಆದಾಮನ ಪಾಪವನ್ನು ‘ಅಗತ್ಯವಾಗಿದ್ದ ಪಾಪ’ ಎಂದೇ ಕರೆದಿದೆ. ಆದರೆ ಅದು ರಕ್ಷಣೆ ಪಡೆದವರ ಕೃತಜ್ಞತೆ. ಆದಾಮನ ಪರ ವಕಾಲತ್ತಲ್ಲ. ಕಡೆಯ ಭೋಜನದಲ್ಲಿ ಯೇಸುಸ್ವಾಮಿಯೂ ಎರಡನ್ನೂ ಒಟ್ಟಿಗೇ ಹೇಳುತ್ತಾರೆ: ಬರೆದಿರುವಂತೆಯೇ ನಡೆಯುತ್ತದೆ, ಆದರೂ ಹಿಡಿದುಕೊಡುವವನು ಹುಟ್ಟದಿದ್ದರೇ ಅವನಿಗೆ ಒಳ್ಳೆಯದಿತ್ತು. ಯೋಜನೆ ದೇವರದು, ಪಾಪ ಮಾಡಿದವನದು. ಇನ್ನೊಂದು ಮಾತು: ಯೂದ ಯೋಜನೆಯ ನೆಪ ಹೇಳಲಿಲ್ಲ. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಒಪ್ಪಿಕೊಂಡು 30 ಬೆಳ್ಳಿ ನಾಣ್ಯಗಳನ್ನೂ ಹಿಂದಿರುಗಿಸಿದ. ನಿಮ್ಮ ತಮ್ಮ ಅಷ್ಟೂ ಮಾಡಿಲ್ಲ.

ಅವನ ವಾದಕ್ಕೆ ಹತ್ತಿರದ ಕಥೆ ಬೇಕಿದ್ದರೆ ಬೈಬಲಿನ ಆದಿಕಾಂಡದ ಜೋಸೆಫನದು. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಆತ ಈಜಿಪ್ಟಿನ ಅಧಿಕಾರಿಯಾಗಿ ಬರಗಾಲದಲ್ಲಿ ಅವರನ್ನೇ ಸಾಕಿದ. ‘ನೀವು ನನಗೆ ಕೇಡು ಬಗೆದಿರಿ, ದೇವರು ಅದನ್ನು ಒಳಿತಿಗೆ ತಿರುಗಿಸಿದರು’ ಎಂದದ್ದು ಮಾರಾಟವಾದವನು. ಮಾರಿದವರ ಬಾಯಲ್ಲಿ ಈ ಮಾತು ಬಂದಿದ್ದರೆ ಎಷ್ಟು ಅಸಹ್ಯವಾಗುತ್ತಿತ್ತು, ಯೋಚಿಸಿ. ಅದೂ ಜೋಸೆಫ್ ಅವರನ್ನು ಕಂಡೊಡನೆ ಕರಗಲಿಲ್ಲ. ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿ ಪಾತ್ರೆ ಇರಿಸಿ, ಕಳ್ಳನೆಂದು ಹಿಡಿಸಿ, ಅಣ್ಣಂದಿರನ್ನು ಪರೀಕ್ಷಿಸಿದ. ಹಿಂದೆ ಮಾರುವ ಉಪಾಯ ಕೊಟ್ಟಿದ್ದ ಅಣ್ಣ ಯೆಹೂದನೇ ಮುಂದೆ ಬಂದು, ‘ಅವನ ಬದಲು ನಾನು ಗುಲಾಮನಾಗಿರುತ್ತೇನೆ’ ಎಂದ ಮೇಲೆಯೇ ಆತ ಅತ್ತು, ತಾನು ಯಾರೆಂದು ತಿಳಿಸಿದ್ದು.

ಅಂಗಡಿ ನಿಮ್ಮ ದುಡಿಮೆ. ಅದರ ಹಿಂದೆ ದೇವರ ಕೈ ಕಂಡರೆ ಅದನ್ನು ಹೇಳುವ ಹಕ್ಕು ನಿಮ್ಮದು, ನಿಮಗೆ ಮನಸ್ಸು ಬಂದಾಗ. ಬಾರದಿದ್ದರೂ ಚಿಂತೆಯಿಲ್ಲ.

ಮುಖ್ತಾರನಾಮೆ ಇನ್ನೂ ಜಾರಿಯಲ್ಲಿದ್ದರೆ ಮೊದಲು ರದ್ದುಪಡಿಸಿ. ಕೇಳಿದಾಗ ಲೆಕ್ಕ ಒಪ್ಪಿಸುವುದು ಮುಖ್ತಾರನ ಹೊಣೆ ಎಂದು 1872ರ ಭಾರತೀಯ ಕರಾರು ಕಾಯ್ದೆಯ 213ನೇ ಕಲಂ ಹೇಳುತ್ತದೆ. ದಾವೆಗೆ ಕಾಲಮಿತಿ ಇರುವುದರಿಂದ ವಕೀಲರನ್ನು ಬೇಗ ಕಾಣಿ. ತಮ್ಮನಿಗೆ ಧರ್ಮದ ಮಾತೇ ಬೇಕಿದ್ದರೆ, ಪಾಪನಿವೇದನೆ ಮಾಡಿದವನು ಕದ್ದದ್ದನ್ನು ಹಿಂದಿರುಗಿಸಬೇಕೆಂದು ಧರ್ಮಸಭೆ ಕಲಿಸುವುದನ್ನು ನೆನಪಿಸಿ. ನೋಟಿಸ್ ಕಳಿಸುವ ಮುನ್ನ ಅಮ್ಮನಿಗೆ ನೀವೇ ತಿಳಿಸಿ. ತಮ್ಮನ ಬಾಯಿಂದ ಅವರು ಕೇಳುವಂತಾಗುವುದು ಬೇಡ.