ಬಚ್ಚಲಿನ ಎಸ್ಟಿಮೇಟಿನಲ್ಲಿ ಅವ್ವನೇ ಇರಲಿಲ್ಲ

(ಊರೊಂದನ್ನು ಬಿಟ್ಟು ಉಳಿದ ಗುರುತುಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಮನೆಯ ಮೂವರೂ ಒಪ್ಪಿದ್ದಾರೆ.)

ಮೇ ತಿಂಗಳ ಒಂದು ಶನಿವಾರ ಮಂಡ್ಯದಿಂದ ಗಂಡ ಹೆಂಡತಿ ಆಪ್ತಸಲಹೆಗೆ ಅಂತ ನನ್ನ ಬಳಿ ಬಂದರು. ಗಂಡನಿಗೆ 41 ವರ್ಷ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ದಿನಾ ರೈಲಿನಲ್ಲಿ ಓಡಾಟ. ಹೆಂಡತಿಗೆ 35. ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಇಬ್ಬರೂ ಮಾತು ಬಿಟ್ಟು ಹದಿನೈದು ದಿನ ಆಗಿತ್ತು. ಯಾಕೆ ಅಂತ ಕೇಳಿದೆ. ಗಂಡ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು. ಒಳಗಿದ್ದದ್ದು ಟೈಲ್ಸ್ ಅಂಗಡಿಯ ಕೊಟೇಶನ್ನು!

ಜಮೀನಿನ ಪತ್ರ, ಆಸ್ಪತ್ರೆ ರಿಪೋರ್ಟು ಹಿಡಿದು ಬಂದವರನ್ನು ನೋಡಿದ್ದೇನೆ. ಕಮೋಡಿನ ಮಾಡೆಲ್ ನಂಬರ್ ಹಿಡಿದು ಆಪ್ತಸಲಹೆಗೆ ಬಂದವರು ಇವರೇ ಮೊದಲು.

ವಿಷಯ ಇಷ್ಟು. ಯುಗಾದಿ ಆದ ಮೇಲೆ ಗಂಡನ ತಾಯಿ, 69 ವರ್ಷ, ಹಿತ್ತಲ ಬಚ್ಚಲಿನಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಹಳೆಯ ಮನೆ. ಬಚ್ಚಲು ಒಂದು ಕಡೆ, ಕಕ್ಕಸು ಇನ್ನೊಂದು ಕಡೆ, ನಡುವೆ ಪಾಚಿ ಕಟ್ಟುವ ಕಲ್ಲು ಹಾಸು. ಎರಡನ್ನೂ ಸೇರಿಸಿ ಒಳ್ಳೆಯದೊಂದು ಬಾತ್‌ರೂಮ್ ಮಾಡಿಸೋಣ ಅಂತ ಮಗ ಹೊರಟರು. ಮೇಸ್ತ್ರಿ ಬಾಯಲ್ಲಿ ಹೇಳಿದ್ದು 2,10,000. ಕಾಗದದ ಮೇಲೆ ಬಂದದ್ದು 3,40,300. ಸಾಮಾನು 1,85,000, ಕೂಲಿ 1,22,000. ಉಳಿದದ್ದು ಜಿಎಸ್‌ಟಿ. ಟೈಲ್ಸಿಗೂ ಕಮೋಡಿಗೂ ಶೇಕಡ 18 ತೆರಿಗೆ ಇದೆ ಅನ್ನುವುದು ಅಂಗಡಿಯಲ್ಲಿ ಆಸೆಯಿಂದ ಆರಿಸುವಾಗ ಯಾರಿಗೂ ನೆನಪಿರುವುದಿಲ್ಲ. ಕೊಟೇಶನ್ನಿನ ಕೊನೇ ಸಾಲಿನಲ್ಲಿ ಅದು ಕಾದು ಕೂತಿರುತ್ತದೆ.

ಗಂಡ ವೈಯಕ್ತಿಕ ಸಾಲಕ್ಕೆ ವಿಚಾರಿಸಿದ್ದರು. 3 ಲಕ್ಷ, ಶೇಕಡ 14 ಬಡ್ಡಿ, ಮೂರು ವರ್ಷ. ಉಳಿದದ್ದಕ್ಕೆ 'ಇವಳ ಚೀಟಿ ದುಡ್ಡು ಇದೆಯಲ್ಲ' ಅಂತ ಬರೆದುಕೊಂಡಿದ್ದರು. ಅಲ್ಲೇ ಕಿಡಿ ಹತ್ತಿದ್ದು.

"ನನ್ನನ್ನ ಒಂದು ಮಾತು ಕೇಳಲಿಲ್ಲ ಮೇಡಂ. ಟ್ಯೂಷನ್ ದುಡ್ಡಲ್ಲಿ ತಿಂಗಳಿಗೆ ಐದು ಸಾವಿರ ಹಾಕ್ತಾ ಇದೀನಿ. ಅದು ಇವರ ಲೆಕ್ಕದ ಪುಸ್ತಕಕ್ಕೆ ಹೇಗೆ ಹೋಯ್ತು?"

ಗಂಡನದೂ ಒಂದು ದೂರು. "ಗೋಡೆಗೆ ನೇತು ಹಾಕೋ ಕಮೋಡು, ಗಾಜಿನ ಪಾರ್ಟಿಷನ್ ಬೇಕು ಅಂದಿದ್ದು ಇವಳೇ. ಇವಳ ಅಕ್ಕನ ಮನೇಲಿ ಇದೆಯಂತೆ. ಅದಕ್ಕೇ ರೇಟು ಏರಿದ್ದು."

ಇನ್ನು ಅತ್ತೆಯವರು ಏನಂತಾರೆ ಅಂತ ಕೇಳಿದೆ. "ಅವರು ಏನೂ ಬೇಡ ಅಂತಾರೆ, ದಂಡದ ಖರ್ಚು ಅಂತಾರೆ" ಅಂದರು ಇಬ್ಬರೂ. ಅವತ್ತು ಅವರಿಬ್ಬರ ಮಾತು ಕೂಡಿದ್ದು ಅದೊಂದರಲ್ಲೇ.

ಮೊದಲ ದಿನ ನಾನು ಸಾಲದ ಲೆಕ್ಕವನ್ನು ಮಾತ್ರ ಮಾಡಿಸಿದೆ. ಸಂಬಳ 38,000, ಟ್ಯೂಷನ್ 8,000. ಮನೆ ಖರ್ಚು 37,000. ಉಳಿಯುವುದು 9,000. ಅದರಲ್ಲಿ ಚೀಟಿಗೆ 5,000 ಹೋದರೆ ಕೈಯಲ್ಲಿ 4,000. ಆ ಸಾಲದ ಕಂತು ತಿಂಗಳಿಗೆ ಸುಮಾರು 10,250. ಮೂರು ವರ್ಷಕ್ಕೆ ಬಡ್ಡಿಯೇ 69,000 ಚಿಲ್ಲರೆ. ಕಾಗದವನ್ನು ಗಂಡನ ಕಡೆ ತಿರುಗಿಸಿದೆ. ಅವರು ಬಹಳ ಹೊತ್ತು ನೋಡಿದರು. "ಓವರ್‌ಟೈಮ್ ಮಾಡ್ತಿದ್ದೆ" ಅಂದರು ಮೆಲ್ಲಗೆ. ಹೆಂಡತಿ ಆಗ ಮೊದಲ ಸಲ ಅವರ ಮುಖ ನೋಡಿದರು.

ಮುಂದಿನ ಸಲ ಅತ್ತೆಯವರನ್ನೂ ಕರೆತನ್ನಿ ಅಂದೆ. ಕೈಗೆ ಬ್ಯಾಂಡೇಜು, ರೈಲು ಹತ್ತುವುದು ಕಷ್ಟ ಅಂದರು. ಹಾಗಾದರೆ ಕೈ ವಾಸಿಯಾದ ಮೇಲೆ ಬನ್ನಿ, ಅಲ್ಲಿಯವರೆಗೆ ಒಂದು ಟೈಲ್ಸೂ ಆರ್ಡರ್ ಮಾಡಬೇಡಿ ಅಂದೆ.

ಜೂನ್ ಕೊನೆಗೆ ಮೂವರೂ ಬಂದರು. ಮಗ ಸೊಸೆಯನ್ನು ಹೊರಗೆ ಕೂರಿಸಿ ಅವ್ವನ ಜೊತೆ ಮಾತಾಡಿದೆ. ಮೊದಲು ಕಬ್ಬಿನ ಬಾಕಿ, ಮೊಮ್ಮಗನ ಓದು, ನನ್ನ ಊರು ಯಾವುದು, ಎಲ್ಲ ಆಯಿತು. ಆಮೇಲೆ ರಾತ್ರಿ ಎಷ್ಟು ಸಲ ಏಳ್ತೀರಿ ಅಂತ ಕೇಳಿದೆ.

"ಏಳೋದೇ ಇಲ್ಲ ಕಣವ್ವ. ಸಂಜೆ ಆರರ ಮೇಲೆ ನೀರು ಕುಡಿಯೋದೇ ಬುಟ್ಟಿವ್ನಿ. ಕತ್ಲೇಲಿ ಆ ಕಲ್ಲ್ ಮ್ಯಾಲೆ ಯಾರು ಹೋಗಾರು?"

"ಮಗನಿಗೆ ಹೇಳಿದ್ರಾ?"

"ಇದನ್ನೆಲ್ಲಾ ಗಂಡ್ಮಗಂಗೆ ಹೇಳಾಕಾದದಾ? ಅವ್ನು ಮೂರ್ ಲಕ್ಷ ಅಂತವ್ನೆ. ನಂಗ್ಯಾಕೆ ಗಾಜಿನ ಮನೆ?"

ಬೀಳುವ ಮೊದಲಿನಿಂದಲೂ ಹೀಗೇ ಮಾಡುತ್ತಿದ್ದರಂತೆ. ಬೇಸಿಗೆಯಲ್ಲಿ ಎರಡು ಸಲ ಉರಿಮೂತ್ರವಾಗಿ ಆಸ್ಪತ್ರೆಗೂ ಹೋಗಿದ್ದರು. ಡಾಕ್ಟರು ನೀರು ಜಾಸ್ತಿ ಕುಡಿಯಿರಿ ಅಂದಿದ್ದರು. ಅವ್ವ ತಲೆಯಾಡಿಸಿ ಬಂದು ಮತ್ತೆ ಅದೇ ಮಾಡಿದ್ದರು. ಇದನ್ನು ಸೊಸೆಗೆ ಹೇಳಲೇ ಅಂತ ಅನುಮತಿ ಕೇಳಿದೆ. "ಅವ್ಳಿಗ್ ಹೇಳು. ಅವ್ಳು ಒಳ್ಳೇವ್ಳೇ" ಅಂದರು.

ಇಬ್ಬರನ್ನೂ ಒಳಗೆ ಕರೆದು ಕೊಟೇಶನ್ ಬಿಡಿಸಿದೆ. ಇದರಲ್ಲಿ ಅವ್ವನಿಗಾಗಿ ಏನಿದೆ, ಗುರುತು ಹಾಕಿ ಅಂದೆ. ಮಿರುಗುವ ನೆಲದ ಟೈಲ್ಸ್. ನೀರು ಬಿದ್ದರೆ ಜಾರುತ್ತದೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ. ಹಿಡಿದುಕೊಳ್ಳಲು ಕಂಬಿ ಇಲ್ಲ. ಟವೆಲ್ ಹಾಕುವ ರಾಡ್ ಇದೆ, ಅದನ್ನು ಹಿಡಿದರೆ ಕಿತ್ತು ಬರುತ್ತದೆ. ಅವ್ವ ಬಿದ್ದದ್ದಕ್ಕೆ ಶುರುವಾದ ಕೆಲಸದಲ್ಲಿ ಅವ್ವನಿಗಾಗಿ ಒಂದು ಸಾಲೂ ಇರಲಿಲ್ಲ. ಗಂಡ ಪೆನ್ನು ಕೆಳಗಿಟ್ಟರು.

ನಾನು ಇಂಜಿನಿಯರ್ ಅಲ್ಲ. ಆದರೆ ನಮ್ಮ ಮನೆಯ ಬಚ್ಚಲನ್ನು ಎರಡು ಸಲ ಒಡೆಸಿದ ಅನುಭವ ಇದೆ. ಮೊದಲ ಸಲ ವಾಟರ್‌ಪ್ರೂಫಿಂಗ್ ಸುಮ್ನೆ ಖರ್ಚು ಅಂತ ಬಿಡಿಸಿದೆ. ಎರಡೇ ಮಳೆಗಾಲಕ್ಕೆ ಪಕ್ಕದ ರೂಮಿನ ಗೋಡೆ ಉಬ್ಬಿ, ಬಣ್ಣ ಹಪ್ಪಳದ ಹಾಗೆ ಎದ್ದಿತು. ಅವತ್ತಿನಿಂದ ನನ್ನದೊಂದು ಲೆಕ್ಕದ ರೀತಿ ಇದೆ. ಅದನ್ನೇ ಇವರಿಗೂ ಹೇಳಿಕೊಟ್ಟೆ. ಕಾಗದದಲ್ಲಿ ಮೂರು ಕಾಲಂ ಎಳೆಯಿರಿ. ಗೋಡೆಯ ಒಳಗೆ ಹೋಗುವುದು. ಕೈಗೆ ಕಾಲಿಗೆ ಸಿಗುವುದು. ಕಣ್ಣಿಗೆ ಕಾಣುವುದು. ದುಡ್ಡು ಸಾಲದೆ ಬಂದಾಗ ಮೂರನೆಯದರಿಂದ ಕಡಿಮೆ ಮಾಡುತ್ತಾ ಬನ್ನಿ. ಮೊದಲನೆಯದನ್ನು ಮುಟ್ಟಬೇಡಿ, ಯಾಕೆಂದರೆ ಅದನ್ನು ಸರಿ ಮಾಡಬೇಕಾದರೆ ಮತ್ತೆ ಎಲ್ಲವನ್ನೂ ಒಡೆಯಬೇಕು.

ಗೋಡೆಯ ಒಳಗಿನದಕ್ಕೆ ಬಂದದ್ದು 65,000. ಒಡೆದು ಮಣ್ಣು ಸಾಗಿಸಲು 14,000, ಪೈಪು ಮತ್ತು ಪ್ಲಂಬರ್ ಕೂಲಿ 30,000, ವಾಟರ್‌ಪ್ರೂಫಿಂಗ್ 12,000, ವೈರಿಂಗ್ ಮತ್ತು ಅರ್ತಿಂಗ್ 9,000. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತೆಗೆದು ಸಿಪಿವಿಸಿ (ಬಿಸಿನೀರಿಗೂ ತಡೆಯುವ ಪ್ಲಾಸ್ಟಿಕ್) ಹಾಕಿಸಿ ಅಂದೆ. ವಾಟರ್‌ಪ್ರೂಫಿಂಗ್ ಆದ ಮೇಲೆ ನೆಲದಲ್ಲಿ ನೀರು ಕಟ್ಟಿ 48 ಗಂಟೆ ಬಿಟ್ಟು ನೋಡಿ, ಅದಕ್ಕೆ ಮೊದಲು ಟೈಲ್ಸ್ ಕೂರಿಸಲು ಬಿಡಬೇಡಿ. ಮೇಸ್ತ್ರಿ ಅವಸರ ಮಾಡುತ್ತಾರೆ, ಎರಡು ದಿನದ ಕೂಲಿ ಹೋಗುತ್ತದೆ ಅಂತ. ಅವಸರ ಅವರದು, ಗೋಡೆ ನಿಮ್ಮದು. ಇಳಿಜಾರಿನ ಮಾತನ್ನೂ ಮೊದಲೇ ಆಡಿಕೊಳ್ಳಿ. ಎಂಟು ಅಡಿ ಉದ್ದಕ್ಕೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಕೆ ಇದ್ದರೆ ನೀರು ಮೋರಿಗೆ ತಾನೇ ಹೋಗುತ್ತದೆ. ಒಂದು ಮಗ್ಗು ನೀರು ಸುರಿದು ನೋಡಿದರೆ ಗೊತ್ತಾಗುತ್ತದೆ.

ಇದರ ನಡುವೆ ಗೀಸರ್ ಮಾತು ಬಂತು. ಹಳೆಯ ಬಚ್ಚಲಿನಲ್ಲಿದ್ದ ಗ್ಯಾಸ್ ಗೀಸರನ್ನೇ ಹೊಸ ಬಾತ್‌ರೂಮಿನ ಒಳಗೆ ಹಾಕಿದರೆ ಖರ್ಚು ಉಳಿಯುತ್ತದೆ ಅಂದರು ಗಂಡ. ಇಲ್ಲಿ ಮಾತ್ರ ನಾನು ಸಲಹೆ ಅನ್ನುವ ಮರ್ಯಾದೆ ಬಿಟ್ಟು 'ಬೇಡ' ಅಂದೆ. ಸಣ್ಣ ರೂಮು, ಚಳಿಗೆ ಕಿಟಕಿ ಮುಚ್ಚಿರುತ್ತದೆ. ಗ್ಯಾಸ್ ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬಿದ್ದು ಜೀವ ಹೋಗಿರುವುದು ನಮ್ಮ ರಾಜ್ಯದಲ್ಲೇ ಉಂಟು. ಗೀಸರನ್ನು ಹಿತ್ತಲಿನ ಹೊರಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪು ಒಳಗೆ ತನ್ನಿ ಅಂದೆ. ಹೊಸ ಗೀಸರ್ ಖರ್ಚೂ ಉಳಿಯಿತು.

ಕೈಗೆ ಕಾಲಿಗೆ ಸಿಗುವುದರ ಲೆಕ್ಕ 52,000. ನೆಲಕ್ಕೆ ಮಿರುಗದ ಮ್ಯಾಟ್ ಟೈಲ್ಸ್ 8,500. ನೆಲದ ಮೇಲೆ ಕೂರುವ, ಸ್ವಲ್ಪ ಎತ್ತರದ ಕಮೋಡು 11,000. ಗೋಡೆಗೆ ನೇತು ಹಾಕುವುದಕ್ಕೂ ಇದಕ್ಕೂ ಬೆಲೆಯ ವ್ಯತ್ಯಾಸ ಕಮೋಡಿನಲ್ಲಷ್ಟೇ ಇರುವುದಿಲ್ಲ. ಗೋಡೆಯೊಳಗೆ ಕೂರುವ ಟ್ಯಾಂಕು, ಕಬ್ಬಿಣದ ಫ್ರೇಮು, ಅದರ ಕೂಲಿ ಎಲ್ಲ ಸೇರಿ ದೊಡ್ಡದಾಗುತ್ತದೆ. ಸ್ಟೀಲಿನ ಕಂಬಿ ಮೂರು, 4,500. ಅವ್ವನನ್ನೇ ಕುರ್ಚಿಯಲ್ಲಿ ಕೂರಿಸಿ ಎಬ್ಬಿಸಿ, ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಂದೆ. ಹೊರಕ್ಕೆ ತೆರೆಯುವ ಬಾಗಿಲು, ಮೂರು ಅಡಿ ಅಗಲ, 9,000. ನಲ್ಲಿ, ಹ್ಯಾಂಡ್ ಶವರ್ ಸೇರಿ 14,000. ಬೆಳಕು ಮತ್ತು ಎಕ್ಸಾಸ್ಟ್ ಫ್ಯಾನ್ 5,000, ಸ್ವಿಚ್ಚು ಬಾಗಿಲ ಹೊರಗೆ.

ಕಣ್ಣಿಗೆ ಕಾಣುವುದರಲ್ಲಿ ಎಲ್ಲರೂ ಗೋಡೆ ಟೈಲ್ಸಿಗೆ ಕತ್ತರಿ ಹಾಕುತ್ತಾರೆ. ಅದರಲ್ಲಿ ಉಳಿಯುವುದು ಕಡಿಮೆ ಅಂತ ಲೆಕ್ಕ ಹಾಕಿಯೇ ತೋರಿಸಿದೆ. ರೂಮು 8 ಅಡಿಗೆ 6 ಅಡಿ. ಏಳು ಅಡಿ ಎತ್ತರಕ್ಕೆ ಸುತ್ತ ಹಾಕಿದರೆ ಬಾಗಿಲು ಕಳೆದು 180 ಚದರ ಅಡಿ, ನೆಲ 48, ಒಡೆಯುವುದಕ್ಕೆ ಅಂತ ಶೇಕಡ 10 ಸೇರಿಸಿದರೆ ಸುಮಾರು 250. ಕೊಟೇಶನ್ನಿನಲ್ಲಿ 320 ಇತ್ತು. ಮೋಸವೇ ಇರಬೇಕು ಅಂತ ಗಂಡ ಕೆರಳಿದರು. ಇರಲಿಕ್ಕಿಲ್ಲ, ಅಂದಾಜಿಗೆ ಬರೆದಿರುತ್ತಾರೆ, ಟೇಪು ಹಿಡಿಯುವುದು ನಮ್ಮ ಕೆಲಸ ಅಂದೆ. ಸ್ನಾನದ ಮೂಲೆಗೆ ಏಳು ಅಡಿ, ಉಳಿದ ಕಡೆ ನಾಲ್ಕು ಅಡಿ ಅಂತ ಇಟ್ಟರೆ ಒಡೆಯುವ ಶೇಕಡ 10 ಸೇರಿಸಿಯೂ ಗೋಡೆಗೆ 140 ಸಾಕು. ಅಂಟು, ಕೂಲಿ ಸೇರಿ 21,000. ಇದರಿಂದ ಉಳಿದದ್ದು ಸುಮಾರು ಒಂಬತ್ತು ಸಾವಿರ, ಅಷ್ಟೇ. ದೊಡ್ಡ ಮೊತ್ತ ಉಳಿದದ್ದು ಗಾಜು, ನೇತಾಡುವ ಕಮೋಡು, ಫಾಲ್ಸ್ ಸೀಲಿಂಗ್ ಬಿಟ್ಟದ್ದರಲ್ಲಿ.

ಇಲ್ಲಿ ಸೊಸೆ ಮಾತಾಡಲಿಲ್ಲ. ಸುಮ್ಮನೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಅತ್ತೆ ನೀರು ಬಿಟ್ಟ ಸುದ್ದಿ ಕೇಳಿ ಆಗಲೇ ಒಂದು ಸಲ ಕಣ್ಣೊರೆಸಿಕೊಂಡಿದ್ದರು. ಹೀಗೆ ತಲೆಯಾಡಿಸುವವರ ಬಗ್ಗೆ ನನಗೆ ಭಯ. ಇವತ್ತು ಬಿಟ್ಟುಕೊಟ್ಟದ್ದು ಮುಂದೆ ಬೇರೆ ಜಗಳದಲ್ಲಿ ಬಡ್ಡಿ ಸಮೇತ ಬರುತ್ತದೆ. ನಿಮಗೆ ಅಂತ ಒಂದು ಆರಿಸಿ, ಅದನ್ನು ಯಾರೂ ಕಡಿಮೆ ಮಾಡುವ ಹಾಗಿಲ್ಲ ಅಂದೆ. ಗಾಜು ಬೇಡ, ಬೋರ್ ನೀರಿಗೆ ತಿಂಗಳಲ್ಲಿ ಬಿಳಿ ಕಲೆ ಹಿಡಿಯುತ್ತದೆ, ಉಜ್ಜುವವಳು ನಾನೇ ಅಂದರು. ಸ್ವಲ್ಪ ಯೋಚಿಸಿ, ದೀಪ ಇರುವ ದೊಡ್ಡ ಕನ್ನಡಿ ಅಂದರು. ಕನ್ನಡಿ, ಕಪಾಟು, ಬಣ್ಣಕ್ಕೆ 7,000 ಬರೆದೆವು.

ಒಟ್ಟು 1,45,000. ಅದರ ಮೇಲೆ 22,000 ಮೀಸಲು. ಹಳೆಯ ಮನೆ ಒಡೆದರೆ ಏನಾದರೂ ಸಿಕ್ಕೇ ಸಿಗುತ್ತದೆ, ಶೇಕಡ 15 ಇಡದೆ ಕೆಲಸ ಶುರು ಮಾಡಬೇಡಿ ಅಂದೆ. 1,67,000 ಆಯಿತು.

ದುಡ್ಡು ಎಲ್ಲಿಂದ? ಬ್ಯಾಂಕಿನ ಠೇವಣಿ 1,30,000 ಇತ್ತು. ಅದರಲ್ಲಿ 60,000 ಕಷ್ಟಕಾಲಕ್ಕೆ ಇರಲಿ, 70,000 ತೆಗೆಯಿರಿ ಅಂದೆ. ಚೀಟಿಯ ವಿಷಯಕ್ಕೆ ಗಂಡ ನನ್ನ ಎದುರೇ ಹೆಂಡತಿಯನ್ನು ಕೇಳಿದರು. ಕೇಳಲು ಬರಲಿಲ್ಲ ಅವರಿಗೆ, ಎರಡು ಸಲ ತಡವರಿಸಿದರು. ಒಂದು ಲಕ್ಷದ ಚೀಟಿ, ಆಕೆ ಕೂಗಿ ಎತ್ತಿದಾಗ ಕೈಗೆ ಬಂದದ್ದು 91,000. ಅದರಲ್ಲಿ 75,000 ಕೊಟ್ಟು ಉಳಿದದ್ದು ತಾವೇ ಇಟ್ಟುಕೊಂಡರು. ಎತ್ತಿದ ಮೇಲೂ ಆರು ಕಂತು ಕಟ್ಟಬೇಕಲ್ಲ, ಅದರಲ್ಲಿ ಅರ್ಧ ಗಂಡ ಕಟ್ಟಬೇಕು ಅಂತ ಮಾತಾಯಿತು. ಗಂಡನ ಉಳಿತಾಯದಿಂದ 11,000. ಉಳಿದ 11,000? ಅವ್ವ ಸೆರಗಿನ ಗಂಟು ಬಿಚ್ಚುವ ಹಾಗೆ ಮಾಡಿ, "ಆ ಕುರ್ಚಿ ಕಕ್ಕಸಿಂದು ನಾನ್ ಕೊಡ್ತೀನಿ" ಅಂದರು. ಮಗ ಬೇಡ ಅಂದರು. ಬೇಡ ಅನ್ನಬೇಡಿ ಅಂತ ನಾನು ತಡೆದೆ. ತನ್ನ ದುಡ್ಡಿನದು ಅಂದರೆ ದಂಡದ ಖರ್ಚು ಅನ್ನುವ ಮಾತು ನಿಲ್ಲುತ್ತದೆ, ರಾತ್ರಿ ಅದನ್ನು ಬಳಸಲು ಸಂಕೋಚವೂ ಇರುವುದಿಲ್ಲ.

ಆಷಾಢ ಬಂತು ಅಂತ ಕೆಲಸ ಶುರುವಾಗಲಿಲ್ಲ. ಒಳ್ಳೆಯದೇ ಆಯಿತು. ಅಷ್ಟರಲ್ಲಿ ಮೂರು ಕೊಟೇಶನ್ ತಂದರು. ಮೇಸ್ತ್ರಿಯ ಜೊತೆ ಮಾತು ಕಾಗದದಲ್ಲಿ ಆಯಿತು. ಅರ್ಧ ದುಡ್ಡು ಮುಂಗಡ ಇಲ್ಲ. ಒಡೆದಾಗ ಇಷ್ಟು, ಪೈಪು ಮುಗಿದಾಗ ಇಷ್ಟು, ಟೈಲ್ಸ್ ಮುಗಿದಾಗ ಇಷ್ಟು, ಕೊನೆಯ ಶೇಕಡ 10 ಹದಿನೈದು ದಿನ ಬಳಸಿ ನೋಡಿದ ಮೇಲೆ. ಶ್ರಾವಣದಲ್ಲಿ ಶುರು ಮಾಡಿ, ಗೌರಿ ಹಬ್ಬಕ್ಕೆ ಅವ್ವನ ಮಗಳು ಬರುವ ಹೊತ್ತಿಗೆ ಮುಗಿಸಬೇಕು ಅಂತ ಗುರಿ. ಆ ಮೂರು ವಾರ ಅವ್ವನನ್ನು ಮದ್ದೂರಿನ ಮಗಳ ಮನೆಗೆ ಕಳಿಸಿದರು. ಇದನ್ನೂ ಬಜೆಟ್ಟಿನ ಭಾಗ ಅಂತಲೇ ನಾನು ಹೇಳುವುದು. ಕೆಲಸ ನಡೆಯುವಾಗ ಮನೆಯವರು ಎಲ್ಲಿಗೆ ಹೋಗುತ್ತಾರೆ ಅಂತ ಯಾರೂ ಬರೆದುಕೊಳ್ಳುವುದಿಲ್ಲ.

ಒಡೆದಾಗ ಒಳಚರಂಡಿಯ ಚೇಂಬರ್ ಬಿರುಕು ಬಿಟ್ಟಿದ್ದು ಕಂಡಿತು. 13,000. ಫೋನು ಮಾಡಿದ ಗಂಡನ ದನಿಯಲ್ಲಿ ಗಾಬರಿ ಇರಲಿಲ್ಲ. ಮೀಸಲಿನಿಂದ ಹೋಯಿತು, ಇನ್ನೂ ಒಂಬತ್ತು ಸಾವಿರ ಇದೆ ಅಂದರು.

ಅಕ್ಟೋಬರಿನಲ್ಲಿ ಗಂಡ ಹೆಂಡತಿ ಇನ್ನೊಂದು ಸಲ ಬಂದರು. ಚೀಟಿಯ ಕಂತಿನಲ್ಲಿ ಒಂದು ತಿಂಗಳು ಗಂಡ ತಪ್ಪಿಸಿದ್ದರು, ಆ ಜಗಳ ಇನ್ನೂ ಬಾಕಿ ಇತ್ತು. ಅರ್ಧ ಗಂಟೆ ಅದೇ ಆಯಿತು. ಅವ್ವ ಈಗ ರಾತ್ರಿ ಚೊಂಬು ತುಂಬಾ ನೀರು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಾರಂತೆ. ಸೊಸೆಯದು ಒಂದೇ ದೂರು, ಮೂರು ಕಂಬಿಯಲ್ಲಿ ಎರಡರ ಮೇಲೆ ಯಾವಾಗಲೂ ಅತ್ತೆಯ ಒದ್ದೆ ಸೀರೆ ಇರುತ್ತದೆ, ಹಿಡಿಯಲು ಜಾಗವೇ ಇಲ್ಲ. ಹಿತ್ತಲಲ್ಲಿ ಅವರ ಕೈಗೆ ಎಟಕುವ ಎತ್ತರಕ್ಕೆ ಒಂದು ಹಗ್ಗ ಕಟ್ಟಿಕೊಡಿ ಅಂದೆ.