ಆಯಿಲ್ ದೀಪ ಮಿನುಗಿದರೆ ಆಯಿಲ್ ಪಂಪ್ ಬದಲಿಸಲೇಬೇಕೇ?

ಮಡಿಕೇರಿಯಿಂದ ಇಳಿದು ಸುಳ್ಯ, ಜಾಲ್ಸೂರು, ಮುಳ್ಳೇರಿಯದ ಮೂಲಕ ಚೆರ್ಕಳಕ್ಕೆ ಬಂದು ನಿಂತಾಗ ನಿಮ್ಮ ಹಳೆಯ ಡೀಸೆಲ್ ಕಾರಿನ ಕೆಂಪು ಆಯಿಲ್ ದೀಪ ಐಡ್ಲಿಂಗಿನಲ್ಲಿ ಮಿನುಗುತ್ತದೆ, ಆಕ್ಸಲರೇಟರ್ ಒತ್ತಿದೊಡನೆ ಆರುತ್ತದೆ, ಮೆಕ್ಯಾನಿಕ್ ಪಂಪನ್ನೇ ಬದಲಿಸಬೇಕೆನ್ನುತ್ತಾರೆ, ಬದಲಿಸಲೇ ಎಂದು ಕೇಳಿದ್ದೀರಿ. ಬದಿಯಡ್ಕದ ಸಮೀಪ ಸಣ್ಣದೊಂದು ವರ್ಕ್‌ಶಾಪ್ ನಡೆಸುತ್ತಿರುವ ನಾನು ಹೇಳುವುದಿಷ್ಟು: ಆಯಿಲ್ ಒತ್ತಡವನ್ನು ಗೇಜ್ ಇಟ್ಟು ಅಳೆಯುವ ಮೊದಲು ಪಂಪಿಗೆ ಕೈ ಹಾಕಲು ಬಿಡಬೇಡಿ.

ಆ ದೀಪಕ್ಕೆ ಪಂಪಿನ ವಿಚಾರ ಏನೂ ಗೊತ್ತಿಲ್ಲ. ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗಿಳಿದಾಗ ಒಂದು ಸ್ವಿಚ್ ಅದನ್ನು ಉರಿಸುತ್ತದೆ, ಅಷ್ಟೆ. ಪಂಪ್ ಎಣ್ಣೆಯನ್ನು ತಳ್ಳುತ್ತದೆ, ಎಂಜಿನ್ನಿನೊಳಗೆ ತಿರುಗುವ ದಂಡಕ್ಕೆ ಆಸರೆಯಾದ ಬೇರಿಂಗುಗಳ ಕಿರಿದಾದ ಸಂದು ಅದನ್ನು ತಡೆಯುತ್ತದೆ, ಆ ತಡೆಯಿಂದ ಒತ್ತಡ ಹುಟ್ಟುತ್ತದೆ. ಅಡಿಕೆ ತೋಟದ ಸ್ಪ್ರಿಂಕ್ಲರ್ ಜೆಟ್ಟುಗಳ ತೂತು ಸವೆದು ಅಗಲವಾದರೆ ಪಂಪ್ ಹೊಸದಾಗಿದ್ದರೂ ನೀರು ದೂರ ಹಾರುವುದಿಲ್ಲ. ಬೇರಿಂಗ್ ಸವೆದ ಎಂಜಿನ್ನಿನಲ್ಲಿ ನಡೆಯುವುದೂ ಇದೇ.

ಮೊದಲು ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ, ನೋಡಿ. ನಮ್ಮ ಕಡೆಯ ಅಂಗಳಗಳು ಹೆಚ್ಚಾಗಿ ಇಳಿಜಾರಾದುದರಿಂದ ಸಮತಟ್ಟಾದ ಜಾಗ ಹುಡುಕಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಅಳೆಯಿರಿ. ಮಟ್ಟ ಕಡಿಮೆಯಿದ್ದರೆ ಕಾರಣ ಅಲ್ಲೇ ಸಿಕ್ಕಿರಬಹುದು. ಮಟ್ಟ ಏರಿದ್ದು ಎಣ್ಣೆಗೆ ಡೀಸೆಲ್ ವಾಸನೆ ಇದ್ದರೆ ಇಂಜೆಕ್ಟರ್ ಸೋರಿ ಎಣ್ಣೆ ತೆಳುವಾಗಿರಬಹುದು. ಕಳೆದ ಬಾರಿ ಹಾಕಿದ ಆಯಿಲಿನ ಗ್ರೇಡ್ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದೇ ಹೌದೇ ಎಂದೂ ಬಿಲ್ ತೆಗೆದು ನೋಡಿ.

ಇವೆಲ್ಲ ಸರಿಯಿದ್ದರೆ ಆಯಿಲ್ ಸ್ವಿಚ್ಚನ್ನು ಬಿಚ್ಚಿ, ಅದೇ ತೂತಿಗೆ ಹೊಂದುವ ಅಡಾಪ್ಟರ್ ಹಾಕಿ ಮೆಕ್ಯಾನಿಕಲ್ ಗೇಜ್ ಕೂರಿಸಬೇಕು. ತಣ್ಣಗಿರುವಾಗ ಒಮ್ಮೆ, ಗುಡ್ಡ ಹತ್ತಿಸಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಇನ್ನೊಮ್ಮೆ ಓದಬೇಕು. ತಣ್ಣನೆಯ ಓದನ್ನು ಮಾತ್ರ ನಂಬಿ ಗಾಡಿ ಸರಿಯಿದೆಯೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಪ್ರತಿ 1000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸುಮಾರು 10 ಪಿಎಸ್‌ಐ, ಅಂದರೆ 0.7 ಬಾರ್, ಇರಬೇಕೆಂಬುದು ಗ್ಯಾರೇಜುಗಳ ಹಳೆಯ ಲೆಕ್ಕ. ಅಂತಿಮ ಮಾತು ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್‌ನದು.

ಗೇಜಿನ ಓದು ಸರಿಯಿದ್ದೂ ದೀಪ ಮಿನುಗುತ್ತಿದ್ದರೆ ಸ್ವಿಚ್ ಅಥವಾ ಅದರ ವಯರ್ ಕೆಟ್ಟಿದೆ. ಪಂಪಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಬಿಸಿ ಐಡ್ಲಿಂಗಿನಲ್ಲಿ ಮಾತ್ರ ಒತ್ತಡ ಕುಸಿದು ಆರ್‌ಪಿಎಂ ಏರಿದಂತೆ ಏರಿದರೆ ತೆಳುವಾದ ಎಣ್ಣೆ, ಸವೆದ ಬೇರಿಂಗ್, ಸವೆದ ಪಂಪ್ ಇವುಗಳಲ್ಲಿ ಯಾವುದೂ ಆಗಿರಬಹುದು, ಮತ್ತು ನಿಮ್ಮ ಕಾರಿನ ಲಕ್ಷಣ ಈ ಗುಂಪಿನದು. ಆಗ ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ: ಮಡಿಕೆಗಳ ನಡುವೆ ಲೋಹದ ಪುಡಿ ಮಿಂಚಿದರೆ ಬೇರಿಂಗಿನ ಮೇಲೆ ಸಂಶಯ ಬಲವಾಗುತ್ತದೆ. ಒತ್ತಡ ಮೊದಲು ಏರಿ, ಆರ್‌ಪಿಎಂ ಹೆಚ್ಚಿಸಿದಾಗ ಬೀಳುವುದಾದರೆ ಪಂಪಿಗೆ ಸಾಕಷ್ಟು ಎಣ್ಣೆ ಸಿಗುತ್ತಿಲ್ಲ, ಅಂದರೆ ಪಂಪ್ ಎಣ್ಣೆ ಎಳೆಯುವ ಬಾಯಿಯ ಜಾಲರಿ, ಸ್ಟ್ರೈನರ್, ಕಟ್ಟಿರಬಹುದು. ತಣ್ಣಗಿರುವಾಗಲೂ ಎಲ್ಲ ವೇಗದಲ್ಲೂ ಕಡಿಮೆಯೇ ಇದ್ದರೆ ಹೆಚ್ಚಾದ ಒತ್ತಡವನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್ ತೆರೆದುಕೊಂಡೇ ಸಿಕ್ಕಿಕೊಂಡಿರಬಹುದು.

ಸ್ಟ್ರೈನರಿನ ಬಗ್ಗೆ ನಮ್ಮೂರಿನ ಕಾರುಗಳಿಗೆಂದೇ ಒಂದು ಮಾತು. ತೋಟದ ದಾರಿಯ ಮುರಕಲ್ಲಿಗೆ ಚೇಂಬರ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ತಾಗಿ ಒಳಕ್ಕೆ ತಗ್ಗಿದರೆ ಅದರ ತಳ ಸ್ಟ್ರೈನರಿನ ಬಾಯಿಗೆ ಹತ್ತಿರವಾಗಿ ಎಣ್ಣೆ ಎಳೆಯುವ ಜಾಗವೇ ಇಲ್ಲದಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಸಾಮಾನ್ಯ ಜಜ್ಜು. ಈ ಹಿಂದೆ ಯಾರಾದರೂ ಚೇಂಬರ್ ಬಿಚ್ಚಿ ಸಿಲಿಕಾನ್ ಗಮ್ಮನ್ನು ಧಾರಾಳವಾಗಿ ಬಳಿದಿದ್ದರೆ, ಒಳಕ್ಕೆ ಉಬ್ಬಿ ಬಂದ ಗಮ್ಮಿನ ತುಣುಕುಗಳು ಕಳಚಿ ಸ್ಟ್ರೈನರಿನ ಜಾಲರಿಗೆ ಅಂಟಿಕೊಳ್ಳುತ್ತವೆ. ಇಂಥ ಜಾಲರಿಯನ್ನು ತೊಳೆದು ಹಾಕಿದ ಮಾತ್ರಕ್ಕೆ ಒತ್ತಡ ಮರಳಿದ ಗಾಡಿಗಳನ್ನು ನಾನೇ ಕಂಡಿದ್ದೇನೆ.

ಪಂಪ್ ಹೊರಬಂದ ಮೇಲೆ ಅದನ್ನು ಬಿಚ್ಚಿ ತೋರಿಸಲು ಕೇಳುವುದು ನಿಮ್ಮ ಹಕ್ಕು. ಪಂಪಿನೊಳಗೆ ತಿರುಗುವ ರೋಟರುಗಳ ನಡುವಿನ ಸಂದು, ಹೊರ ರೋಟರಿಗೂ ಬಾಡಿಗೂ ಇರುವ ಸಂದು ಇವುಗಳನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ಅಳೆದು ಮ್ಯಾನ್ಯುಯಲ್‌ನ ಮಿತಿಗೆ ಹೋಲಿಸಬೇಕು. ಕವರಿನ ಒಳಮೈ ಮೇಲೆ ಉಗುರು ಎಳೆದಾಗ ಗೀರಿಗೆ ಸಿಕ್ಕಿಕೊಂಡರೆ ಆ ಪಂಪಿನ ಆಯುಷ್ಯ ಮುಗಿದಿದೆ. ಹೊಸದನ್ನು ಕೂರಿಸುವ ಮೊದಲು ಅದರೊಳಗೆ ಎಣ್ಣೆ ತುಂಬಬೇಕು, ಬಳಿಕ ಎಂಜಿನ್ ಸ್ಟಾರ್ಟ್ ಆಗದಂತೆ ಇಂಜೆಕ್ಟರ್ ಕನೆಕ್ಟರುಗಳನ್ನು ತೆಗೆದು, ಗೇಜಿನ ಮುಳ್ಳು ಏಳುವವರೆಗೆ ಸೆಲ್ಫ್ ಹೊಡೆಯಬೇಕು. ಹಣ ಕೊಡುವ ಮೊದಲು ಬಿಸಿ ಐಡ್ಲಿಂಗಿನ ಒತ್ತಡವನ್ನು ಮತ್ತೊಮ್ಮೆ ಅಳೆಸಿ. ಹಳೆಯ ಅಂಕಿಯೇ ಬಂದರೆ ಇನ್ನು ಬೇರಿಂಗ್ ನೋಡಬೇಕು. ಈ ನಡುವೆ ಓಡುವಾಗ ದೀಪ ಆರದೆ ಉರಿಯತೊಡಗಿದರೆ ಬದಿಗೆ ನಿಲ್ಲಿಸಿ ಕೂಡಲೇ ಎಂಜಿನ್ ಆರಿಸಿ, ಗಾಡಿಯನ್ನು ಎಳೆಸಿಕೊಂಡೇ ಹೋಗಿ.