ಶ್ಯಾಡೋಸ್ ಮೇಲೋ, ವೆಂಚರ್ಸ್ ಮೇಲೋ ಅಂತ ಬ್ರಿಟನ್ ಮತ್ತು ಅಮೆರಿಕದ ಅಭಿಮಾನಿಗಳು ಇನ್ನೂ ಯಾಕೆ ಜಗಳವಾಡುತ್ತಾರೆ?

ಬ್ರಿಟನ್ನಿನವರು ಕೇಳಿ ಬೆಳೆದದ್ದನ್ನು ಅಮೆರಿಕದವರು ಆ ಕಾಲದಲ್ಲಿ ಹೆಚ್ಚಾಗಿ ಕೇಳಿರಲೇ ಇಲ್ಲ, ಅದಕ್ಕೆ. ಶ್ಯಾಡೋಸ್ ಬ್ರಿಟನ್ನಿನದು, ವೆಂಚರ್ಸ್ ಅಮೆರಿಕದ್ದು; ಎರಡೂ ಹಾಡುಗಾರಿಕೆಗಿಂತ ಗಿಟಾರ್‌ಗೇ ಹೆಸರಾದ ತಂಡಗಳು. ಎರಡಕ್ಕೂ ದೊಡ್ಡ ಹೆಸರು ಬಂದದ್ದು 1960ರಲ್ಲೇ.

'ಅಪಾಚಿ' ಎಂಬ ಟ್ಯೂನ್ ತೆಗೆದುಕೊಳ್ಳಿ. ಇಂಗ್ಲಿಷ್ ಸಂಗೀತಗಾರ ಜೆರಿ ಲಾರ್ಡನ್ ಬರೆದದ್ದು. ಶ್ಯಾಡೋಸ್ ನುಡಿಸಿದ ರೆಕಾರ್ಡ್ 1960ರಲ್ಲಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಆದರೆ ಅಮೆರಿಕದಲ್ಲಿ ಹಿಟ್ ಆದದ್ದು ಡೆನ್ಮಾರ್ಕ್‌ನ ಯೋರ್ಗನ್ ಇಂಗ್‌ಮನ್ ನುಡಿಸಿದ ರೆಕಾರ್ಡ್. 1961ರಲ್ಲಿ ಅದು ಎರಡನೇ ಸ್ಥಾನದವರೆಗೂ ಏರಿತು. ಆಗ ಒಂದೇ ಟ್ಯೂನನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಕಲಾವಿದರಿಂದ ನುಡಿಸಿ ಮಾರುತ್ತಿದ್ದವು. ಯಾರದ್ದು ಮೊದಲು ರೇಡಿಯೋ ಹಿಡಿಯಿತೋ, ಆ ದೇಶಕ್ಕೆ ಅದೇ 'ಅಸಲಿ'. ಹೀಗಾಗಿ ಬ್ರಿಟನ್ನಿನ ಹುಡುಗರ ಪಾಲಿಗೆ ದೇವರಾಗಿದ್ದ, ಶ್ಯಾಡೋಸ್‌ನ ಮುಖ್ಯ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್, ಅಮೆರಿಕದ ಹುಡುಗರಿಗೆ ಹೆಚ್ಚುಕಡಿಮೆ ಅಪರಿಚಿತ. ಅವರಿಗೆ ಗಿಟಾರ್ ಕಲಿಸಿದ್ದು ವೆಂಚರ್ಸ್ ರೆಕಾರ್ಡುಗಳು.

ನನಗೆ ಕೇಳಿದರೆ ಇದರಲ್ಲಿ ದೇಶಾಭಿಮಾನ ಸುಮ್ನೆ ಹಚ್ಚಿದ ಬಣ್ಣ. ಮಾರ್ವಿನ್ ಕೈಯಲ್ಲಿದ್ದದ್ದೇ ಅಮೆರಿಕದ ಫೆಂಡರ್ ಗಿಟಾರ್! ಅವರ ಗಿಟಾರಿಗೆ ಪ್ರತಿಧ್ವನಿ ಕೊಡುತ್ತಿದ್ದ ಎಕೋ ಯಂತ್ರ ಇಟಲಿಯದು. ನಿಜವಾದ ವ್ಯತ್ಯಾಸ ನುಡಿಸುವ ರೀತಿಯಲ್ಲಿದೆ. ಮಾರ್ವಿನ್ ಒಂದೊಂದು ಸ್ವರವನ್ನೂ ಹಾಡುವಂತೆ ಎಳೆಯುತ್ತಾರೆ. ವೆಂಚರ್ಸ್‌ನಲ್ಲಿ ಡ್ರಮ್ ಮತ್ತು ರಿದಂ ಗಿಟಾರಿನ ಒತ್ತು ಜಾಸ್ತಿ. ಅಂದಹಾಗೆ, ವೆಂಚರ್ಸ್‌ಗೆ ಅತಿ ಹುಚ್ಚು ಅಭಿಮಾನಿಗಳು ಸಿಕ್ಕಿದ್ದು ಈ ಎರಡೂ ದೇಶಗಳಲ್ಲಲ್ಲ, ಜಪಾನಿನಲ್ಲಿ.